ಉಪಕರಣವನ್ನು ಹದಗೊಳಿಸುತ್ತಾ ಕೂರುವುದು ಹವ್ಯಾಸವೇ, ಹವ್ಯಾಸದಿಂದ ತಪ್ಪಿಸಿಕೊಳ್ಳುವ ದಾರಿಯೇ?

ಹದಗಾರ (ಚರ್ಚೆ ಆರಂಭಿಸಿದವರು):

ಹಗಲೆಲ್ಲ ತಂತ್ರಾಂಶ ಬರೆದು ಸಂಜೆಗೆ ಸಂಗೀತವನ್ನೋ ಛಾಯಾಚಿತ್ರವನ್ನೋ ಬರವಣಿಗೆಯನ್ನೋ ಹವ್ಯಾಸವಾಗಿ ಇಟ್ಟುಕೊಂಡವರ ಮೇಲೆ ಒಂದು ಆರೋಪ ಯಾವಾಗಲೂ ಇದ್ದೇ ಇರುತ್ತದೆ: ಇವರು ಉಪಕರಣಗಳನ್ನು ಜೋಡಿಸುವುದರಲ್ಲೇ ಕಾಲ ಕಳೆಯುತ್ತಾರೆ, ಏನನ್ನೂ ರಚಿಸುವುದಿಲ್ಲ. ಪಠ್ಯ ಬರೆಯುವ ಎಡಿಟರ್ ತಂತ್ರಾಂಶದ ಸೆಟ್ಟಿಂಗ್‌ಗಳನ್ನು ತಿದ್ದುವುದು, ಟಿಪ್ಪಣಿಗಳನ್ನು ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಸಾಗಿಸುವುದು, ಧ್ವನಿಮುದ್ರಣದ ತಂತ್ರಾಂಶಕ್ಕೆ ಹೆಚ್ಚುವರಿ ಸೌಲಭ್ಯದ ಪ್ಲಗಿನ್‌ಗಳನ್ನು ಸೇರಿಸುತ್ತಾ ಹೋಗುವುದು ಎಲ್ಲವೂ ನಿಜವಾದ ಕೆಲಸವನ್ನು ಮುಂದಕ್ಕೆ ತಳ್ಳುವ ನೆಪಗಳೆಂಬುದು ಈ ಆರೋಪದ ತಿರುಳು. ನಾನು ಇದನ್ನು ಒಪ್ಪುವುದಿಲ್ಲ.

ಉಪಕರಣವನ್ನು ಹದಗೊಳಿಸುವುದೇ ಒಂದು ಸೃಜನಶೀಲ ಹವ್ಯಾಸವೆಂಬುದು ನನ್ನ ವಾದ. ಅದಕ್ಕೆ ಬೇರೊಂದು ಕೃತಿಯ ಹಂಗು ಬೇಕಾಗಿಲ್ಲ. ಲಿನಸ್ ಟೊರ್ವಾಲ್ಡ್ಸ್ 1991ರ ಆಗಸ್ಟ್ 25ರಂದು ಮುಂದೆ ಲಿನಕ್ಸ್ ಎನಿಸಿದ ತಮ್ಮ ಹೊಸ ಕಾರ್ಯಾಚರಣಾ ವ್ಯವಸ್ಥೆಯ ವಿಷಯವನ್ನು ಯೂಸ್‌ನೆಟ್ ಚರ್ಚಾಜಾಲದಲ್ಲಿ ಮೊದಲ ಬಾರಿಗೆ ತಿಳಿಸಿದಾಗ, ಇದು ಬರಿಯ ಹವ್ಯಾಸ, ದೊಡ್ಡದೇನೂ ಆಗದು ಎಂದೇ ಹೇಳಿಕೊಂಡಿದ್ದರು. ಅದೇ ವರ್ಷ ಬ್ರಾಮ್ ಮೂಲೆನಾರ್ ವಿಮ್ ಎಡಿಟರ್‌ನ ಮೊದಲ ಸಾರ್ವಜನಿಕ ಆವೃತ್ತಿಯನ್ನು ಹೊರತಂದರು. ತಮ್ಮ ಅಮಿಗಾ ಕಂಪ್ಯೂಟರಿಗೆ ಒಪ್ಪುವ ವಿಐ ಎಡಿಟರ್ ಸಿಗದಿದ್ದುದರಿಂದ ಆರಂಭವಾದ ಆ ಕೆಲಸವನ್ನು ಅವರು 2023ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. ಇವರಿಬ್ಬರನ್ನೂ 'ಇಷ್ಟೆಲ್ಲ ಮಾಡಿ ಅದರಲ್ಲಿ ನೀವು ಬರೆದದ್ದೇನು' ಎಂದು ಯಾರೂ ಕೇಳಿದಂತಿಲ್ಲ.

ಇನ್ನೊಂದು ಕಾರಣವೂ ಇದೆ. ಉದ್ಯೋಗದಲ್ಲಿ ಯಾವ ಭಾಷೆಯಲ್ಲಿ ಬರೆಯಬೇಕು, ಯಾವ ಉಪಕರಣವನ್ನು ಬಳಸಬೇಕು, ಎಷ್ಟಕ್ಕೆ ತೃಪ್ತಿಪಟ್ಟು ಕೈಬಿಡಬೇಕು ಎಂಬುದನ್ನೆಲ್ಲ ಬೇರೆಯವರು ತೀರ್ಮಾನಿಸುತ್ತಾರೆ. ಸಂಜೆಯ ಹೊತ್ತು ನನ್ನ ಧ್ವನಿ ವ್ಯವಸ್ಥೆಯ ಬಫರನ್ನು, ಎಂದರೆ ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟುಕೊಂಡು ಸಂಸ್ಕರಿಸುವ ಸದ್ದಿನ ತುಣುಕನ್ನು (ಅದು ದೊಡ್ಡದಾದಷ್ಟೂ ವಿಳಂಬ ಹೆಚ್ಚು), 256 ಮಾದರಿಗಳಿಂದ 128ಕ್ಕೆ ಇಳಿಸುವ ಸಲುವಾಗಿ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ಲಿನ ಸೆಟ್ಟಿಂಗ್‌ಗಳವರೆಗೂ ಹೋದರೆ, ಅದರಿಂದ ಯಾರ ಗಡುವೂ ಕೆಡುವುದಿಲ್ಲ. ಈ ಸ್ವಾತಂತ್ರ್ಯವೇ ನನಗೆ ಹವ್ಯಾಸ. ಇದರಲ್ಲಿ ಆಕ್ಷೇಪಿಸುವಂಥದ್ದು ಏನಿದೆ ಎಂಬುದನ್ನು ಒಪ್ಪದವರು ದಯವಿಟ್ಟು ವಿವರಿಸಬೇಕು.

ಸಂಶಯಿ:

ಮಾದರಿ ದರ ಸೆಕೆಂಡಿಗೆ 48,000 ಎಂದಿಟ್ಟುಕೊಂಡರೆ, 256ರಿಂದ 128ಕ್ಕೆ ಇಳಿದು ನೀವು ಉಳಿಸಿದ್ದು ಸುಮಾರು 2.7 ಮಿಲಿಸೆಕೆಂಡ್. ಶಬ್ದವು ಗಾಳಿಯಲ್ಲಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಸ್ಪೀಕರನ್ನು ಒಂದು ಮೀಟರಿನಷ್ಟು ಹತ್ತಿರಕ್ಕೆ ಎಳೆದುಕೊಂಡಿದ್ದರೆ ಕರ್ನಲ್ಲಿನ ತಂಟೆಗೆ ಹೋಗದೆಯೇ ಅದೇ ಲಾಭ ಸಿಗುತ್ತಿತ್ತು.

ಹದಗಾರ:

ನಾನು ಹೆಡ್‌ಫೋನಿನಲ್ಲಿ ಕೇಳುತ್ತೇನೆ. ಅದನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಳ್ಳುವುದು ಕಷ್ಟ. ಅಲ್ಲದೆ, ನುಡಿಸಿದ ಸದ್ದು ಒಳಗೆ ಹೋಗುವಾಗ ಒಂದು ಬಫರ್, ಹೊರಗೆ ಬರುವಾಗ ಇನ್ನೊಂದು ಬಫರ್ ಇರುವುದರಿಂದ ಉಳಿತಾಯವನ್ನು ನೀವು ಅರ್ಧದಷ್ಟೇ ಲೆಕ್ಕ ಹಾಕಿದ್ದೀರಿ.

ಸಂಶಯಿ:

ಲೆಕ್ಕವನ್ನು ಒಪ್ಪಿದೆ. ಹೀಗೆ ಉಳಿಸಿದ ಮಿಲಿಸೆಕೆಂಡುಗಳಲ್ಲಿ ಏನನ್ನಾದರೂ ನುಡಿಸಿದಿರಾ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಬರಲಿಲ್ಲ.

ಅಚ್ಚುಮೊಳೆ:

ಮೂಲ ಬರಹದಲ್ಲಿರುವ ಎರಡು ಉದಾಹರಣೆಗಳೂ ಲೇಖಕರ ವಾದಕ್ಕೆ ವಿರುದ್ಧವಾಗಿಯೇ ಸಾಕ್ಷಿ ಹೇಳುತ್ತವೆ ಎಂಬುದು ನನ್ನ ಅನಿಸಿಕೆ. ಟೊರ್ವಾಲ್ಡ್ಸ್ ಆಗಲಿ ಮೂಲೆನಾರ್ ಆಗಲಿ ಇನ್ನೊಬ್ಬರ ಉಪಕರಣದ ಸೆಟ್ಟಿಂಗ್ ತಿದ್ದುತ್ತಾ ಕೂರಲಿಲ್ಲ. ಲಕ್ಷಾಂತರ ಜನ ಬಳಸುವಂಥ ಹೊಸ ಉಪಕರಣವನ್ನೇ ನಿರ್ಮಿಸಿದರು. ಎರಡನ್ನೂ ಒಂದೇ ಹೆಸರಿನಿಂದ ಕರೆದು ಒಂದರ ಗೌರವವನ್ನು ಇನ್ನೊಂದಕ್ಕೆ ದಾಟಿಸುವುದು ನ್ಯಾಯವಲ್ಲ.

ಉಪಕರಣದ ಬೆನ್ನುಹತ್ತಿ ಹೋದವರ ಪೈಕಿ ನನಗೆ ಹೆಚ್ಚು ಪಾಠ ಕಲಿಸಿದವರು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್. ಪ್ರೋಗ್ರಾಮಿಂಗ್ ಕುರಿತ ತಮ್ಮ ಗ್ರಂಥದ ಎರಡನೆಯ ಸಂಪುಟದ ಪರಿಷ್ಕೃತ ಆವೃತ್ತಿಯ ಕರಡಚ್ಚು 1977ರಲ್ಲಿ ಕೈಗೆ ಬಂದಾಗ, ಹೊಸ ಅಕ್ಷರಜೋಡಣೆಯ ವಿಧಾನದಿಂದಾಗಿ ಅದರ ಅಂದಗೆಟ್ಟಿದ್ದನ್ನು ಕಂಡು ಅವರಿಗೆ ಬೇಸರವಾಯಿತು. ತಾವೇ ಟೆಕ್ ಎಂಬ ಅಕ್ಷರಜೋಡಣೆಯ ವ್ಯವಸ್ಥೆಯನ್ನು ಬರೆಯಲು ಹೊರಟರು. ಬೇಗನೆ ಮುಗಿದೀತೆಂದು ಎಣಿಸಿದ್ದ ಕೆಲಸ ಹತ್ತು ವರ್ಷಗಳನ್ನು ನುಂಗಿತು. ಆದರೂ ಅವರು ಹೊರಟದ್ದು ಒಂದು ಪುಟಕ್ಕಾಗಿ. ಆ ಪುಟ ಕಣ್ಣೆದುರಿಗಿದ್ದುದರಿಂದಲೇ ಟೆಕ್ ಯಾವಾಗ ಮುಗಿಯಿತು ಎಂಬುದು ಅವರಿಗೆ ತಿಳಿಯಿತು. ಮುಗಿದಾಗ ಅವರು ಅದನ್ನು ಸ್ಥಿರಗೊಳಿಸಿದರು. ಇನ್ನು ಹೊಸ ಸೌಲಭ್ಯಗಳಿಲ್ಲ, ದೋಷ ತಿದ್ದುಪಡಿ ಮಾತ್ರ ಎಂದು ಘೋಷಿಸಿ, ಪ್ರತಿ ತಿದ್ದುಪಡಿಗೂ ಆವೃತ್ತಿಯ ಸಂಖ್ಯೆಯಲ್ಲಿ ಪೈ ಮೌಲ್ಯದ ಒಂದು ಅಂಕಿ ಹೆಚ್ಚುವಂತೆ ಮಾಡಿದರು. 2021ರ ಆವೃತ್ತಿಯ ಸಂಖ್ಯೆ 3.141592653. ತಿದ್ದುವುದನ್ನು ನಿಲ್ಲಿಸುವ ಶಕ್ತಿ ಅವರಿಗೆ ಬಂದದ್ದು ಆ ಗ್ರಂಥದಿಂದ, ಉಪಕರಣದ ಮೇಲಿನ ಪ್ರೀತಿಯಿಂದಲ್ಲ. ಕೃತಿಯ ಹಂಗು ಬೇಡವೆನ್ನುವ ಹದಗಾರರು ಎಲ್ಲಿ ನಿಲ್ಲಿಸುತ್ತಾರೆ?

ಗೂಬೆಗಣ್ಣು:

ನಿಲ್ಲಿಸಲೇಬೇಕೆಂಬ ಕಾನೂನು ಎಲ್ಲಿದೆ? ಹೂದೋಟ ಬೆಳೆಸುವವರನ್ನು 'ಯಾವಾಗ ಮುಗಿಸುತ್ತೀರಿ' ಎಂದು ಯಾರೂ ಕೇಳುವುದಿಲ್ಲ.

ನೆರಳುಬೆಳಕು:

ಅಚ್ಚುಮೊಳೆಯವರ ಮಾತಿಗೆ ಛಾಯಾಚಿತ್ರದ ಕಡೆಯಿಂದ ಒಂದು ಸಂಗತಿಯನ್ನು ಸೇರಿಸುತ್ತೇನೆ. ಆಸ್ಕರ್ ಬಾರ್ನಾಕ್ ಜರ್ಮನಿಯ ಲೈಟ್ಜ್ ಸಂಸ್ಥೆಯಲ್ಲಿ ಸೂಕ್ಷ್ಮದರ್ಶಕಗಳ ವಿಭಾಗದಲ್ಲಿದ್ದವರು. ಅವರ ಹವ್ಯಾಸ ಛಾಯಾಗ್ರಹಣ. ಉಬ್ಬಸದ ತೊಂದರೆಯಿದ್ದ ಅವರಿಗೆ ಆ ಕಾಲದ ಭಾರವಾದ ಗಾಜುತಟ್ಟೆಯ ಕ್ಯಾಮೆರಾವನ್ನು ಹೊತ್ತು ತಿರುಗುವುದು ದುಸ್ತರವಾಗಿತ್ತು. ಉದ್ಯೋಗದಲ್ಲಿ ಪಳಗಿದ ಕೈಯಿಂದ, ಚಲನಚಿತ್ರದ 35 ಮಿಲಿಮೀಟರ್ ಫಿಲ್ಮನ್ನು ಬಳಸಿಕೊಂಡು ಅವರು ಸಿದ್ಧಪಡಿಸಿದ ಪುಟ್ಟ ಕ್ಯಾಮೆರಾದ ಮುಂದಿನ ರೂಪವೇ 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ. ಉದ್ಯೋಗ, ಉಪಕರಣ, ಹವ್ಯಾಸ ಮೂರೂ ಒಂದೇ ದೇಹದಲ್ಲಿ ಸೇರಿದ್ದರೂ ದಾರಿಯನ್ನು ತೋರಿಸಿದ್ದು ತೆಗೆಯಬೇಕೆಂದಿದ್ದ ಚಿತ್ರಗಳೇ.

ಈಗಿನ ನಮ್ಮ ತೊಡಕು ಬೇರೆಯದು. ಕ್ಯಾಮೆರಾ ಹಿಡಿದು ಹೊರಗೆ ಹೋದಷ್ಟು ಹೊತ್ತು ಪರದೆಯಿಂದ ಬಿಡುಗಡೆ ಸಿಗುತ್ತದೆ; ಮರಳಿದ ಮೇಲೆ ಅದೇ ಕುರ್ಚಿ, ಅದೇ ಪರದೆ. ಕ್ಯಾಮೆರಾ ಸಂಸ್ಕರಿಸದೆ ಉಳಿಸುವ 14 ಬಿಟ್ಟಿನ ರಾ ಕಡತದಲ್ಲಿ ಪ್ರತಿ ಬಿಂದುವಿಗೂ 16,384 ಹಂತಗಳ ಬೆಳಕಿನ ಮಾಹಿತಿ ಇರುತ್ತದೆ, ಕ್ಯಾಮೆರಾವೇ ಸಂಸ್ಕರಿಸಿ ಕುಗ್ಗಿಸಿದ ಜೆಪಿಇಜಿಯಲ್ಲಿ ಪ್ರತಿ ಬಣ್ಣದ ವಾಹಿನಿಗೆ ಇರುವುದು 256 ಹಂತಗಳು ಮಾತ್ರ ಎಂಬ ಕಾರಣಕ್ಕೆ ನಾವೆಲ್ಲ ರಾ ಕಡತಗಳನ್ನೇ ಕೂಡಿಹಾಕುತ್ತೇವೆ. ಆ ಹೆಚ್ಚಿನ ಹಂತಗಳು ಉಪಯೋಗಕ್ಕೆ ಬರುವುದು ನೆರಳನ್ನು ಎತ್ತುವಾಗ, ಮಿತಿಮೀರಿದ ಬೆಳಕನ್ನು ಇಳಿಸುವಾಗ. ಎಲ್ಲ ಚಿತ್ರಗಳಿಗೂ ಆ ಚಿಕಿತ್ಸೆ ಬೇಕಾಗುವುದಿಲ್ಲ. ಆದ್ದರಿಂದ ನಾನು ಕ್ಯಾಮೆರಾದಲ್ಲೇ ಜೆಪಿಇಜಿ ಆಯ್ದುಕೊಂಡು, ಬೆಳಕಿನ ತೀರ್ಮಾನವನ್ನು ಚಿತ್ರ ತೆಗೆಯುವ ಗಳಿಗೆಯಲ್ಲೇ ಮುಗಿಸುತ್ತೇನೆ. ಇದನ್ನು ಹೇಳಿದರೆ ಛಾಯಾಗ್ರಾಹಕ ಮಿತ್ರರು ನನ್ನನ್ನು ಪಂಕ್ತಿಯಿಂದ ಹೊರಗೆ ಹಾಕುತ್ತಾರೆಂಬುದು ಗೊತ್ತು.

ಬರಿಪಠ್ಯ:

ಹಾಕುತ್ತೇವೆ. ಹಂತಗಳನ್ನು ಒಮ್ಮೆ ಎಸೆದರೆ ಅವು ಮತ್ತೆ ಬರುವುದಿಲ್ಲ. ಸಂಗ್ರಹಿಸಿಡುವ ಜಾಗ ಇಷ್ಟು ಅಗ್ಗವಾಗಿರುವಾಗ ಎರಡನ್ನೂ ಒಟ್ಟಿಗೆ ಉಳಿಸಿಕೊಳ್ಳುವ ಆಯ್ಕೆಯನ್ನು ಏಕೆ ಬಳಸುವುದಿಲ್ಲ?

ನೆರಳುಬೆಳಕು:

ಉಳಿಸಿಕೊಂಡರೆ ತಿದ್ದುವ ಆಸೆಯೂ ಉಳಿಯುತ್ತದೆ ಎಂಬ ಒಂದೇ ಕಾರಣಕ್ಕೆ.

ನಾಲ್ಕುಟ್ರ್ಯಾಕ್:

ಈ ಕೊನೆಯ ಮಾತು ಸಂಗೀತಕ್ಕೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ ಎಂದು ತೋರುವುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

1979ರಲ್ಲಿ ಟ್ಯಾಸ್ಕಾಮ್ ಪೋರ್ಟಾಸ್ಟುಡಿಯೊ ಎಂಬ ಯಂತ್ರ ಬಂದಾಗ, ಮನೆಯಲ್ಲಿ ಕುಳಿತು ಒಬ್ಬರೇ ಹಲವು ವಾದ್ಯಗಳನ್ನು ಒಂದರ ಮೇಲೊಂದು ಮುದ್ರಿಸುವುದು ಹವ್ಯಾಸಿಗಳ ಕೈಗೆಟುಕಿತು. ಸಾಧಾರಣ ಕ್ಯಾಸೆಟ್‌ನ ಎರಡು ಬದಿಗಳಿಗೆ ಮೀಸಲಾದ ನಾಲ್ಕು ಪಟ್ಟಿಗಳನ್ನೂ ಅದು ಒಂದೇ ದಿಕ್ಕಿನಲ್ಲಿ ಬಳಸುತ್ತಿತ್ತು. ಗುಣಮಟ್ಟಕ್ಕಾಗಿ ಟೇಪನ್ನು ಮಾಮೂಲಿನ ಎರಡರಷ್ಟು ವೇಗದಲ್ಲಿ ಓಡಿಸುತ್ತಿತ್ತು. ನಾಲ್ಕಕ್ಕಿಂತ ಹೆಚ್ಚು ವಾದ್ಯಗಳು ಬೇಕಾದರೆ ಒಂದೇ ದಾರಿ: ಮೊದಲ ಮೂರು ಟ್ರ್ಯಾಕ್‌ಗಳನ್ನು ಬೆರೆಸಿ ನಾಲ್ಕನೆಯದಕ್ಕೆ ಇಳಿಸಿ, ಖಾಲಿಯಾದ ಮೂರರ ಮೇಲೆ ಹೊಸದಾಗಿ ಮುದ್ರಿಸುವುದು. ಇದನ್ನು 'ಬೌನ್ಸ್ ಮಾಡುವುದು' ಎನ್ನುತ್ತಿದ್ದರು. ಹಾಗೆ ಇಳಿಸಿದ ಮೇಲೆ ತಾಳವಾದ್ಯದ ಸದ್ದು ಹೆಚ್ಚಾಯಿತೆಂದೋ ಕೊಳಲಿನದು ಕಡಿಮೆಯಾಯಿತೆಂದೋ ಹಿಂದಿರುಗುವಂತಿರಲಿಲ್ಲ; ಪ್ರತಿ ಬೌನ್ಸಿಗೂ ಟೇಪಿನ ಹಿಸ್ಸೆನ್ನುವ ಸದ್ದು ಬೇರೆ ಕೂಡುತ್ತಿತ್ತು. ಆದ್ದರಿಂದ ಗುಂಡಿ ಒತ್ತುವ ಮೊದಲೇ ಹಾಡು ಹೇಗಿರಬೇಕೆಂದು ತಲೆಯಲ್ಲಿ ತೀರ್ಮಾನವಾಗಿರಬೇಕಿತ್ತು.

ಇಂದಿನ ತಂತ್ರಾಂಶಗಳಲ್ಲಿ ಟ್ರ್ಯಾಕ್‌ಗಳಿಗೆ ಮಿತಿಯಿಲ್ಲ, ಹಿಂದಿರುಗುವುದಕ್ಕೂ ಮಿತಿಯಿಲ್ಲ. ಹೀಗಾಗಿ ತೀರ್ಮಾನಗಳೆಲ್ಲ ಕೊನೆಗೆ ಉಳಿದು, ಒಂದರ ಮೇಲೊಂದು ಕೂತು, ಕೊನೆಯ ಹಂತವನ್ನೇ ಅಸಾಧ್ಯವಾಗಿಸುತ್ತವೆ. ಹದಗಾರರು ಉಪಕರಣವನ್ನು ಹದಗೊಳಿಸುತ್ತಿರುವುದು ಸೋಮಾರಿತನದಿಂದ ಎಂದು ನಾನು ಹೇಳಲಾರೆ. ಉಪಕರಣವು ತೀರ್ಮಾನವನ್ನು ಕೇಳುವುದನ್ನೇ ನಿಲ್ಲಿಸಿದಾಗ, ತೀರ್ಮಾನ ಮಾಡುವ ಸುಖವನ್ನು ನಾವು ಉಪಕರಣದ ಆಯ್ಕೆಯಲ್ಲಿ ಹುಡುಕಿಕೊಳ್ಳುತ್ತೇವೆ ಎಂಬುದು ನನ್ನ ಊಹೆ. ಯಾವ ಪ್ಲಗಿನ್, ಯಾವ ಕೀಬೋರ್ಡ್, ಯಾವ ಆ್ಯಪ್ ಎಂಬ ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ಸಿಗುತ್ತದೆ. ಎರಡನೆಯ ಚರಣ ಹೀಗೇ ಇರಬೇಕೇ ಎಂಬ ಪ್ರಶ್ನೆಗೆ ಸಿಗುವುದಿಲ್ಲ.

ಸಂಶಯಿ:

ಮಿತಿಯೇ ಸೃಜನಶೀಲತೆಯ ತಾಯಿ ಎಂಬ ಈ ಹಾಡನ್ನು ಕೇಳಿ ಕೇಳಿ ಸಾಕಾಗಿದೆ. ನಾಲ್ಕು ಟ್ರ್ಯಾಕ್‌ಗಳಿದ್ದವರಿಗೆ ಯಾರಾದರೂ ಎಂಟನ್ನು ಕೊಟ್ಟಿದ್ದರೆ ಅವರು ಕೈಮುಗಿದು ತೆಗೆದುಕೊಳ್ಳುತ್ತಿದ್ದರು. ಎಂಟು ಟ್ರ್ಯಾಕ್‌ಗಳ ಯಂತ್ರಗಳು ಬಂದಾಗ ತೆಗೆದುಕೊಂಡೂ ಇದ್ದಾರೆ. ಟೇಪಿನ ಹಿಸ್ಸನ್ನು ಕಳೆಯಲು ಆ ಕಾಲದವರು ಎಷ್ಟು ಪರದಾಡಿದರೆಂಬುದನ್ನು ಮರೆತು, ಇಂದು ಅದೇ ಹಿಸ್ಸನ್ನು ಸೇರಿಸಿಕೊಡುವ ಪ್ಲಗಿನ್ನನ್ನು ಹುಡುಕುತ್ತೇವಲ್ಲ, ಅದಕ್ಕೆ ಏನೆನ್ನಬೇಕು? ಕೆಲಸ ಮುಗಿಸುವವರು ಯಾವ ಉಪಕರಣದಲ್ಲೂ ಮುಗಿಸುತ್ತಾರೆ, ಮುಗಿಸದವರಿಗೆ ನಾಲ್ಕು ಟ್ರ್ಯಾಕ್‌ಗಳೂ ಹೆಚ್ಚೇ.

ನಾಲ್ಕುಟ್ರ್ಯಾಕ್:

ಎಂಟನ್ನು ತೆಗೆದುಕೊಂಡರೆಂಬುದು ನಿಜ, ಆದರೆ ಎಂಟೂ ಒಂದು ಸಂಖ್ಯೆಯೇ. ನನ್ನ ತಕರಾರು ಸಂಖ್ಯೆಯೇ ಇಲ್ಲದಿರುವುದರ ಬಗ್ಗೆ.

ಷರತ್ತುಗಳು:

ಇಷ್ಟು ಹೊತ್ತೂ ಯಾರೂ ಎತ್ತದ ಒಂದು ವಿಷಯವನ್ನು ಎತ್ತುತ್ತೇನೆ. ಹವ್ಯಾಸದ ಕೆಲಸವನ್ನು ನೀವು ಯಾರ ಲ್ಯಾಪ್‌ಟಾಪಿನಲ್ಲಿ ಮಾಡುತ್ತಿದ್ದೀರಿ? ತಂತ್ರಾಂಶ ಉದ್ಯೋಗಗಳ ನೇಮಕಾತಿ ಒಪ್ಪಂದಗಳಲ್ಲಿ, ಉದ್ಯೋಗಿ ರಚಿಸಿದ್ದರ ಹಕ್ಕು ಸಂಸ್ಥೆಗೆ ಸೇರುತ್ತದೆ ಎಂಬ ಷರತ್ತು ಸಾಮಾನ್ಯ. ಅದರ ವ್ಯಾಪ್ತಿ ಮಾತ್ರ ಒಂದೊಂದು ಕಡೆ ಒಂದೊಂದು ರೀತಿ. ಕ್ಯಾಲಿಫೋರ್ನಿಯಾದ ಕಾರ್ಮಿಕ ಸಂಹಿತೆಯ 2870ನೆಯ ಕಲಮಿನ ಪ್ರಕಾರ, ಉದ್ಯೋಗಿಯು ಪೂರ್ತಿಯಾಗಿ ತನ್ನದೇ ಸಮಯದಲ್ಲಿ, ಸಂಸ್ಥೆಯ ಉಪಕರಣ, ಸಾಮಗ್ರಿ, ಸೌಕರ್ಯ, ವ್ಯಾಪಾರ ರಹಸ್ಯಗಳಲ್ಲಿ ಯಾವುದನ್ನೂ ಬಳಸದೆ ಮಾಡಿದ ಆವಿಷ್ಕಾರವನ್ನು ತನಗೆ ವಹಿಸಬೇಕೆಂದು ಸಂಸ್ಥೆ ಒತ್ತಾಯಿಸುವಂತಿಲ್ಲ. ಆ ಆವಿಷ್ಕಾರ ಸಂಸ್ಥೆಯ ವ್ಯವಹಾರಕ್ಕೆ ಅಥವಾ ಉದ್ಯೋಗಿಯ ಕೆಲಸಕ್ಕೆ ಸಂಬಂಧಿಸಿದ್ದಾದರೆ ಈ ರಕ್ಷಣೆ ಸಿಗುವುದಿಲ್ಲ. ಇಂಥ ರಕ್ಷಣೆ ಎಲ್ಲ ಕಡೆಯೂ ಇರುತ್ತದೆಂದು ಭಾವಿಸಬಾರದು. ಇರುವ ಕಡೆಯಲ್ಲೂ ಕಚೇರಿಯ ಲ್ಯಾಪ್‌ಟಾಪಿನಲ್ಲಿ ರಾತ್ರಿ ಬರೆದ ಕೋಡ್ ಅದರ ಹೊರಗೇ ಉಳಿಯುತ್ತದೆ.

ಸ್ಟೀವ್ ವೋಜ್ನಿಯಾಕ್ ಅವರ ಪ್ರಸಂಗ ಇಲ್ಲಿ ನೆನಪಾಗುತ್ತದೆ. ಅವರು ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿ ಕ್ಯಾಲ್ಕುಲೇಟರ್‌ಗಳ ವಿನ್ಯಾಸ ಮಾಡುತ್ತಿದ್ದಾಗ ಹವ್ಯಾಸಕ್ಕಾಗಿ ರೂಪಿಸಿದ ಕಂಪ್ಯೂಟರನ್ನು ಮೊದಲು ತಮ್ಮ ಸಂಸ್ಥೆಗೇ ಒಪ್ಪಿಸಲು ಮುಂದಾದರು. ಸಂಸ್ಥೆ ಬೇಡವೆಂದಿತು. ಅದು 1976ರಲ್ಲಿ ಆ್ಯಪಲ್-1 ಎಂದು ಹೊರಬಂತು. ಬೇಡವೆನ್ನಿಸಿಕೊಂಡ ಮೇಲೆ ಅದರ ಹಕ್ಕಿನ ಬಗ್ಗೆ ಗೊಂದಲವೇ ಉಳಿಯಲಿಲ್ಲ. ನಮ್ಮಲ್ಲಿ ಎಷ್ಟು ಜನ ಕೇಳುವಷ್ಟಾದರೂ ಎಚ್ಚರ ವಹಿಸುತ್ತೇವೆ?

ಹೊಸಬ:

ಸಂಗೀತ, ಕಥೆ, ಚಿತ್ರಗಳಿಗೂ ಇದು ಅನ್ವಯಿಸುತ್ತದೆಯೇ? ನಾನು ಬರೆಯುವ ಸಣ್ಣ ಕಥೆಗಳಿಗೂ ನನ್ನ ಸಂಸ್ಥೆಯ ವ್ಯವಹಾರಕ್ಕೂ ಯಾವ ನಂಟೂ ಇಲ್ಲ.

ಷರತ್ತುಗಳು:

ನಿಮ್ಮ ಒಪ್ಪಂದದಲ್ಲಿ 'ಉದ್ಯೋಗದ ಅವಧಿಯಲ್ಲಿ ರಚಿಸಿದ ಎಲ್ಲವೂ' ಎಂದಿದೆಯೋ 'ಉದ್ಯೋಗದ ಭಾಗವಾಗಿ ರಚಿಸಿದ ಎಲ್ಲವೂ' ಎಂದಿದೆಯೋ ನೋಡಿಕೊಳ್ಳಿ. ವ್ಯತ್ಯಾಸವೆಲ್ಲ ಅಲ್ಲೇ ಇದೆ. ಸಂದೇಹವಿದ್ದರೆ ಲಿಖಿತವಾಗಿ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ಬರೆಯುವ ಯಂತ್ರವಂತೂ ನಿಮ್ಮದೇ ಆಗಿರಲಿ. ಹಳೆಯದಾದರೂ ಚಿಂತೆಯಿಲ್ಲ, ಕಥೆಗೆ ಎಷ್ಟು ವೇಗದ ಪ್ರೊಸೆಸರ್ ಬೇಕು?

ಕಡುಗಪ್ಪು:

ಹವ್ಯಾಸದಿಂದ ಸ್ವಲ್ಪ ಸಂಪಾದನೆಯಾದರೆ ತಪ್ಪೇನು ಎಂದು ಕೇಳುವವರಿಗೆ ಒಂದು ಎಚ್ಚರಿಕೆ. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು, ಬಣ್ಣದ ಪೆನ್ನಿನಿಂದ ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಶಿಶುವಿಹಾರದ ಮಕ್ಕಳ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಬಹುಮಾನ ಪಡೆದ ಮಕ್ಕಳು ಆ ಬಳಿಕ ಚಿತ್ರ ಬಿಡಿಸುವುದರಲ್ಲಿ ಆಸಕ್ತಿಯನ್ನು ಕಳೆದುಕೊಂಡರು. ಉದ್ಯೋಗದ ಉಪಕರಣಗಳನ್ನೂ ಉದ್ಯೋಗದ ಲೆಕ್ಕಾಚಾರವನ್ನೂ ಹವ್ಯಾಸಕ್ಕೆ ತಂದರೆ ಇದೇ ಗತಿ.

ಅಚ್ಚುಮೊಳೆ:

ತಿದ್ದುಪಡಿಯೊಂದು ಅಗತ್ಯ. ಆ ಅಧ್ಯಯನದಲ್ಲಿ ಮಕ್ಕಳ ಮೂರು ಗುಂಪುಗಳಿದ್ದವು: ಚಿತ್ರ ಬಿಡಿಸಿದರೆ ಬಹುಮಾನ ಕೊಡುತ್ತೇವೆಂದು ಮೊದಲೇ ಹೇಳಿಸಿಕೊಂಡವರು, ಬಿಡಿಸಿದ ಮೇಲೆ ಅನಿರೀಕ್ಷಿತವಾಗಿ ಬಹುಮಾನ ಪಡೆದವರು, ಏನನ್ನೂ ಪಡೆಯದವರು. ಆಸಕ್ತಿ ಕುಗ್ಗಿದ್ದು ಮೊದಲನೆಯ ಗುಂಪಿನಲ್ಲಿ ಮಾತ್ರ. ಬಹುಮಾನ ಬಂದದ್ದರಿಂದ ಕೆಡಲಿಲ್ಲ. ಬಹುಮಾನಕ್ಕಾಗಿ ಬಿಡಿಸಿದ್ದರಿಂದ ಕೆಟ್ಟಿತು. ಹಾಡು ಮುಗಿಸಿದ ಮೇಲೆ ಯಾರೋ ಹಣ ಕೊಟ್ಟರೆ ನೀವು ಹೆದರಬೇಕಾಗಿಲ್ಲ.

ಕಡುಗಪ್ಪು:

ಒಪ್ಪಿಕೊಳ್ಳುತ್ತೇನೆ. ಆದರೂ ಮೊದಲ ಹಾಡಿಗೆ ಅನಿರೀಕ್ಷಿತವಾಗಿ ಬಂದ ಹಣವನ್ನು ಎರಡನೆಯ ಹಾಡಿಗೆ ನಿರೀಕ್ಷಿಸದೆ ಇರುವವರು ಎಷ್ಟು ಮಂದಿ?

ಬರಿಪಠ್ಯ:

ಉಪಕರಣ ಮುಖ್ಯವೋ ಕೃತಿ ಮುಖ್ಯವೋ ಎಂಬ ಚರ್ಚೆಯಲ್ಲಿ ಕಡತವನ್ನು ಎಲ್ಲರೂ ಮರೆತಿದ್ದಾರೆ. ಉಪಕರಣ ಸಾಯುತ್ತದೆ, ಕಡತ ಉಳಿಯಬೇಕು. ಫ್ಲ್ಯಾಶ್ ತಂತ್ರಜ್ಞಾನದಲ್ಲಿ ಒಂದು ಪೀಳಿಗೆಯ ಹವ್ಯಾಸಿಗಳು ಚಲಿಸುವ ಚಿತ್ರಗಳನ್ನೂ ಆಟಗಳನ್ನೂ ಮಾಡಿದರು. 2020ರ ಡಿಸೆಂಬರ್ 31ಕ್ಕೆ ಅದಕ್ಕೆ ಬೆಂಬಲ ನಿಂತಿತು. ಮುಂದಿನ ಜನವರಿ 12ರಿಂದ ಫ್ಲ್ಯಾಶ್ ಪ್ಲೇಯರೇ ಅವುಗಳನ್ನು ಓಡಿಸಲು ನಿರಾಕರಿಸಿತು. ಇಂದು ಅವುಗಳಲ್ಲಿ ಒಂದಷ್ಟನ್ನಾದರೂ ನೋಡಲು ಸಾಧ್ಯವಾಗಿದ್ದರೆ ಅದು ರಫಲ್‌ನಂಥ ಅನುಕರಣ ತಂತ್ರಾಂಶವನ್ನು ಸ್ವಯಂಸೇವಕರು ಬರೆದದ್ದರಿಂದ. ಹದಗಾರರ ಪಕ್ಷಕ್ಕೆ ಇದಕ್ಕಿಂತ ಗಟ್ಟಿಯಾದ ಉದಾಹರಣೆ ಬೇಡ: ಇಲ್ಲಿ ಉಪಕರಣವನ್ನು ಕಟ್ಟುವ ಹವ್ಯಾಸಿಗಳೇ ಇನ್ನೊಬ್ಬರ ಕೃತಿಗಳನ್ನು ಕಾಪಾಡಿದ್ದಾರೆ.

ಬಾಡಿಗೆಯ ತಂತ್ರಾಂಶಗಳದ್ದೂ ಇದೇ ಆತಂಕ. ಅಡೋಬಿ ಸಂಸ್ಥೆ 2013ರಲ್ಲಿ ಫೋಟೋಶಾಪ್‌ನಂಥ ತನ್ನ ತಂತ್ರಾಂಶಗಳ ಮುಂದಿನ ಆವೃತ್ತಿಗಳನ್ನು ಚಂದಾದಾರಿಕೆಯ ಮೂಲಕವೇ ಕೊಡುವುದಾಗಿ ಪ್ರಕಟಿಸಿತು. ಉದ್ಯೋಗಕ್ಕೆ ಇದು ಒಂದು ಖರ್ಚಿನ ಬಾಬತ್ತು ಮಾತ್ರ. ಆದರೆ ಹವ್ಯಾಸ ವರ್ಷಗಟ್ಟಲೆ ನಿದ್ದೆ ಹೋಗಿ ಒಂದು ದಿನ ಏಳುತ್ತದೆ. ಎದ್ದ ದಿನ ಹಳೆಯ ಕಡತ ತೆರೆಯಬೇಕು. ಆದ್ದರಿಂದ ನಾನು ಬರವಣಿಗೆಯನ್ನೆಲ್ಲ ಯುನಿಕೋಡ್‌ನ ಸಾದಾ ಪಠ್ಯದಲ್ಲಿ, ಹೆಚ್ಚೆಂದರೆ ಜಾನ್ ಗ್ರೂಬರ್ 2004ರಲ್ಲಿ ರೂಪಿಸಿದ ಮಾರ್ಕ್‌ಡೌನ್ ಗುರುತುಗಳೊಂದಿಗೆ ಇಡುತ್ತೇನೆ. ಆಯಾ ಫಾಂಟಿಗೆ ಮಾತ್ರ ಅರ್ಥವಾಗುವ ಸಂಕೇತಗಳಲ್ಲಿ ಬರೆದಿಟ್ಟ ಹಳೆಯ ಕಡತಗಳನ್ನು ತೆರೆದಾಗ ಕಾಣುವ ಗೀಚುಗಳನ್ನು ನೋಡಿದವರಿಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ.

ಗೂಬೆಗಣ್ಣು:

ಸಾದಾ ಪಠ್ಯದ ಭಕ್ತರನ್ನು ಹತ್ತಿರದಿಂದ ಕಂಡಿದ್ದೇನೆ. ಕಡತ ಸಾದಾ, ಆದರೆ ಅದನ್ನು ತೆರೆಯುವ ಇಮ್ಯಾಕ್ಸ್ ಎಡಿಟರಿನ ಸೆಟ್ಟಿಂಗ್ ಕಡತವು ಅವರು ಬರೆದ ಎಲ್ಲ ಬರಹಗಳಿಗಿಂತಲೂ ಉದ್ದವಾಗಿರುತ್ತದೆ.

ಬರಿಪಠ್ಯ:

ಅದು ಸಹ ಸಾದಾ ಪಠ್ಯವೇ ಅಲ್ಲವೇ.

ಸೀಸದಕಡ್ಡಿ:

ಹದಗೊಳಿಸುವ ಮಾತು ಬಂದಿರುವುದರಿಂದ ಕೇಳುತ್ತೇನೆ. ಹಗಲಿನ ಪರದೆಯಿಂದ ದೂರವಿರಲೆಂದು ಸಣ್ಣ ಸಿಂಥಸೈಸರ್ ಸರ್ಕ್ಯೂಟುಗಳಿಗೆ ಬೆಸುಗೆ ಹಾಕಲು ಆರಂಭಿಸಿದ್ದೇನೆ. ಸೀಸವಿಲ್ಲದ ಸೋಲ್ಡರ್ ಸರಿಯಾಗಿ ಹರಿಯುವುದಿಲ್ಲ. ಬೆಸುಗೆಯ ಐರನ್ನಿನ ಗುಣಮಟ್ಟ ಸಾಲದೇ?

ನಾಲ್ಕುಟ್ರ್ಯಾಕ್:

ತವರ ಶೇ 63, ಸೀಸ ಶೇ 37ರ ಹಳೆಯ ಮಿಶ್ರಣ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆಲೇ ಕರಗುತ್ತದೆ. ತವರ, ಬೆಳ್ಳಿ, ತಾಮ್ರದ ಸೀಸರಹಿತ ಮಿಶ್ರಣಕ್ಕೆ 217ರಿಂದ 220 ಡಿಗ್ರಿ ಬೇಕು. ಐರನ್ನಿನ ತುದಿಯ ಉಷ್ಣತೆಯನ್ನು ಅದಕ್ಕೆ ತಕ್ಕಂತೆ ಏರಿಸಿ, ಸೋಲ್ಡರ್ ಹರಿಯಲು ನೆರವಾಗುವ ಫ್ಲಕ್ಸ್ ಸೇರಿಸಿ, ಅಗಲವಾದ ತುದಿಯನ್ನು ಬಳಸಿ. ಹೊಸ ಐರನ್ ಕೊಳ್ಳುವ ಮೊದಲು ಇಷ್ಟನ್ನು ಮಾಡಿ ನೋಡಿ. ಕೊಳ್ಳಬೇಕೆಂಬ ಬಯಕೆ ಯಾವಾಗಲೂ ಕಾರಣಕ್ಕಿಂತ ಮೊದಲು ಬರುತ್ತದೆ. ಸೀಸದ ಮಿಶ್ರಣವನ್ನೇ ಬಳಸುವುದಾದರೆ ಕೆಲಸ ಮುಗಿದ ಮೇಲೆ ಕೈತೊಳೆಯುವುದನ್ನು ಮರೆಯಬೇಡಿ. ಹೊಗೆ ಫ್ಲಕ್ಸಿನದು, ಯಾವ ಮಿಶ್ರಣವಾದರೂ ಕಿಟಕಿ ತೆರೆದಿರಲಿ.

ಕಡುಗಪ್ಪು:

ಈಗ ಉಪಕರಣವೇ ಕೃತಿಯನ್ನು ರಚಿಸಿಕೊಡುತ್ತದೆ. ಹೇಳಿದ್ದನ್ನು ಬರೆದುಕೊಡುವ, ಬಿಡಿಸಿಕೊಡುವ ಕೃತಕ ಬುದ್ಧಿಮತ್ತೆ ಇರುವಾಗ ಈ ಚರ್ಚೆಯೇ ಹಳತಾಗಲಿಲ್ಲವೇ? ಉದ್ಯೋಗದಲ್ಲಂತೂ ನನ್ನ ವೇಗ ಎರಡರಷ್ಟಾಗಿದೆ.

ಸಂಶಯಿ:

ಎರಡರಷ್ಟಾಗಿದೆ ಎಂಬುದನ್ನು ಅಳೆದು ನೋಡಿದ್ದೀರಾ, ಅಥವಾ ಹಾಗೆ ಅನ್ನಿಸುತ್ತದೆಯೇ? ಮೀಟರ್ (METR) ಎಂಬ ಸಂಸ್ಥೆ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 16 ಮಂದಿ ಅನುಭವಿ ಮುಕ್ತ ತಂತ್ರಾಂಶ ಅಭಿವರ್ಧಕರು ತಮಗೆ ಚೆನ್ನಾಗಿ ಪರಿಚಯವಿದ್ದ ಕೋಡ್‌ನಲ್ಲಿ 246 ಕೆಲಸಗಳನ್ನು ಮಾಡಿದರು. ಕೃತಕ ಬುದ್ಧಿಮತ್ತೆಯ ಸಹಾಯವಿದ್ದಾಗ ಅವರಿಗೆ ಶೇ 19ರಷ್ಟು ಹೆಚ್ಚು ಸಮಯ ಹಿಡಿಯಿತು. ಕೆಲಸ ಮುಗಿಸಿದ ಮೇಲೂ ಅವರು ತಾವು ಶೇ 20ರಷ್ಟು ವೇಗವಾಗಿ ಮಾಡಿದೆವೆಂದೇ ನಂಬಿದ್ದರು. ಅದು ಆ ಹೊತ್ತಿನ ಉಪಕರಣಗಳ ಮಾತು, ಭಾಗವಹಿಸಿದವರೂ ಕಡಿಮೆ. ಹೊಸ ಉಪಕರಣಗಳಿಂದ ಅಥವಾ ಪರಿಚಯವಿಲ್ಲದ ಕೋಡಿನಲ್ಲಿ ಬೇರೆ ಫಲ ಬಂದೀತು. ಆದರೆ ಅನಿಸಿಕೆಗೂ ಗಡಿಯಾರಕ್ಕೂ ಅಷ್ಟು ಅಂತರವಿರಬಹುದು ಎಂಬುದನ್ನಾದರೂ ಅದು ತೋರಿಸಿದೆ.

ನೆರಳುಬೆಳಕು:

ವೇಗದ ಪ್ರಶ್ನೆ ಉದ್ಯೋಗಕ್ಕೆ ಸಲ್ಲುತ್ತದೆ. ಹವ್ಯಾಸದಲ್ಲಿ ಬೇಗ ಮುಗಿಸಿ ನಾನು ಎಲ್ಲಿಗೆ ಹೋಗಬೇಕಾಗಿದೆ? ಬೆಳಗಿನ ಬೆಳಕಿಗಾಗಿ ಕಾಯುವುದೇ ನನಗೆ ಬೇಕಾದದ್ದು; ಆ ಕಾಯುವಿಕೆಯನ್ನು ಕಳೆದು ಚಿತ್ರವನ್ನು ಮಾತ್ರ ಕೊಡುವ ಉಪಕರಣ ನನ್ನಿಂದ ಹವ್ಯಾಸವನ್ನೇ ಕಸಿದುಕೊಂಡಂತೆ. ಇದೇ ಉಪಕರಣವನ್ನು ಸಾವಿರಾರು ಚಿತ್ರಗಳಿಗೆ ಗುರುತುಪಟ್ಟಿ ಹಚ್ಚಲು ಸಂತೋಷದಿಂದ ಬಳಸುತ್ತೇನೆ, ಏಕೆಂದರೆ ಆ ಕೆಲಸದಲ್ಲಿ ನನಗೆ ಯಾವ ಸುಖವೂ ಇಲ್ಲ.

ಹದಗಾರ:

ಎಲ್ಲರಿಗೂ ಉತ್ತರಿಸುವುದು ಸಾಧ್ಯವಿಲ್ಲವಾದ್ದರಿಂದ ಮುಖ್ಯವಾದ ಎರಡು ಮಾತುಗಳನ್ನು ಹೇಳುತ್ತೇನೆ.

ನೆರಳುಬೆಳಕಿನವರ ಕೊನೆಯ ಮಾತು ತಮಗರಿವಿಲ್ಲದೆ ನನ್ನ ವಾದವನ್ನೇ ಸಮರ್ಥಿಸುತ್ತದೆ. ಅವರಿಗೆ ಬೆಳಕಿಗಾಗಿ ಕಾಯುವುದು ಹವ್ಯಾಸ, ಚಿತ್ರವು ಅದರ ಕುರುಹು. ನನಗೆ ವ್ಯವಸ್ಥೆಯೊಂದು ಏಕೆ ತಡವರಿಸುತ್ತದೆಂದು ಹುಡುಕುವುದು ಹವ್ಯಾಸ, ಕಡಿಮೆಯಾದ ವಿಳಂಬವು ಅದರ ಕುರುಹು. ಚಿತ್ರವನ್ನು ಗೋಡೆಗೆ ತೂಗುಹಾಕಬಹುದು, ವಿಳಂಬವನ್ನು ತೂಗುಹಾಕಲಾಗದು ಎಂಬುದರ ಹೊರತು ಎರಡಕ್ಕೂ ನನಗೆ ಭೇದ ಕಾಣುವುದಿಲ್ಲ.

ಅಚ್ಚುಮೊಳೆಯವರು ನಿಲ್ಲಿಸುವ ಬಗ್ಗೆ ಎತ್ತಿದ ಪ್ರಶ್ನೆ ಗಟ್ಟಿಯಾದದ್ದು. ಅದಕ್ಕೆ ನಾನು ಕೊಡುವ ಉತ್ತರ, ನನ್ನ ಹದಗೊಳಿಸುವಿಕೆಯ ಫಲವನ್ನು ಇನ್ನೊಬ್ಬರು ಎತ್ತಿಕೊಂಡು ಬಳಸುವಂತಾಗಬೇಕು ಎಂಬುದು. ನನ್ನ ಯಂತ್ರದಲ್ಲಿ ಮಾತ್ರ ನಡೆಯುವ ಸೆಟ್ಟಿಂಗ್ ಇನ್ನೂ ಮುಗಿದಿಲ್ಲ. ವಿವರಣೆಯೊಂದಿಗೆ ಬರೆದು, ಕೋಡ್ ಹಂಚಿಕೊಳ್ಳುವ ಗಿಟ್ ಭಂಡಾರದಲ್ಲಿಟ್ಟು, ಅಪರಿಚಿತರೊಬ್ಬರ ಯಂತ್ರದಲ್ಲೂ ಅದು ನಡೆದರೆ ಮುಗಿದಂತೆ. ಧ್ವನಿ ವ್ಯವಸ್ಥೆಯ ನನ್ನ ಸೆಟ್ಟಿಂಗ್‌ಗಳನ್ನು ಹಾಗೆಯೇ ಹಂಚಿಕೊಂಡಿದ್ದೇನೆ.

ಅಚ್ಚುಮೊಳೆ:

ಇದು ಮೊದಲ ಬರಹಕ್ಕಿಂತ ಬಹಳ ಸಮಾಧಾನಕರವಾದ ನಿಲುವು. ಆದರೆ ಇನ್ನೊಬ್ಬರ ಬಳಕೆಯನ್ನು ಅಳತೆಗೋಲಾಗಿ ಇಟ್ಟ ಕೂಡಲೇ ನೀವು ಕೃತಿಯ ಹಂಗನ್ನು ಹಿಂಬಾಗಿಲಿನಿಂದ ಒಳಗೆ ಕರೆದುಕೊಂಡಿರಿ, ಏಕೆಂದರೆ ಆ ಇನ್ನೊಬ್ಬರು ಅದನ್ನು ಏನನ್ನಾದರೂ ನುಡಿಸಲೆಂದೇ ಬಳಸುತ್ತಾರೆ. ಅನಿಮೇಷನ್ ತಯಾರಿಸುವ ಬ್ಲೆಂಡರ್ ತಂತ್ರಾಂಶದ ಇತಿಹಾಸವನ್ನು ನೋಡಿ. ಅದನ್ನು ಮುಕ್ತ ತಂತ್ರಾಂಶವಾಗಿಸಲು 2002ರಲ್ಲಿ ಬಳಕೆದಾರರು ಏಳೇ ವಾರಗಳಲ್ಲಿ 1,00,000 ಯೂರೊ ಕೂಡಿಸಿದರು. 2006ರಿಂದ ಅದರ ಹಿಂದಿನ ತಂಡ ಕಿರುಚಿತ್ರಗಳನ್ನು ತಾನೇ ತಯಾರಿಸುತ್ತಾ ಬಂದಿದೆ. ಚಿತ್ರ ಮಾಡುವವರ ಪಕ್ಕದಲ್ಲೇ ಉಪಕರಣ ಮಾಡುವವರು ಕುಳಿತಾಗ ಯಾವ ಸೌಲಭ್ಯ ಬೇಕು, ಯಾವುದು ಬೇಡ ಎಂಬುದು ತಾನಾಗಿ ಗೊತ್ತಾಗುತ್ತದೆ. ಅದೇ ಉಪಕರಣದಲ್ಲಿ ತಯಾರಾದ ಚಿತ್ರವೊಂದಕ್ಕೆ 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಬಂತು.

ಹದಗಾರ:

ನುಡಿಸುವವರು ನಾನೇ ಆಗಿರಬೇಕಾಗಿಲ್ಲ ಎಂಬಷ್ಟನ್ನು ನೀವು ಒಪ್ಪಿದರೆ ನನಗೆ ಸಾಕು.

ಅಚ್ಚುಮೊಳೆ:

ಅಷ್ಟನ್ನು ಒಪ್ಪುತ್ತೇನೆ. ಪಕ್ಕದಲ್ಲಿ ಕುಳಿತುಕೊಳ್ಳಲು ಒಬ್ಬರನ್ನಾದರೂ ಹುಡುಕಿಕೊಳ್ಳಿ.

ಹೊಸಬ:

ನಾಲ್ಕುಟ್ರ್ಯಾಕ್ ಅವರೇ, ಕ್ಯಾಸೆಟ್ ಯಂತ್ರವನ್ನು ಕೊಳ್ಳದೆ ಆ ಶಿಸ್ತನ್ನು ಈಗಿನ ತಂತ್ರಾಂಶದಲ್ಲೇ ತಂದುಕೊಳ್ಳುವುದು ಹೇಗೆ? ಕಥೆಗಳನ್ನು ಓದಿ ಧ್ವನಿಮುದ್ರಿಸಿ, ಹಿನ್ನೆಲೆಗೆ ಸ್ವಲ್ಪ ವಾದ್ಯ ಸೇರಿಸಬೇಕೆಂದಿದ್ದೇನೆ.

ನಾಲ್ಕುಟ್ರ್ಯಾಕ್:

ನಾಲ್ಕೇ ಆಡಿಯೊ ಟ್ರ್ಯಾಕ್‌ಗಳಿರುವ ಒಂದು ಖಾಲಿ ಪ್ರಾಜೆಕ್ಟ್ ಮಾಡಿ, ಅದನ್ನು ಟೆಂಪ್ಲೇಟ್ ಆಗಿ ಉಳಿಸಿ, ಪ್ರತಿ ಸಲವೂ ಅದರಿಂದಲೇ ಆರಂಭಿಸಿ. ಓದನ್ನು ಮೊದಲನೆಯದರಲ್ಲಿ ಮುದ್ರಿಸಿ, ವಾದ್ಯಗಳಿಗೆ ಉಳಿದ ಮೂರು. ಐದನೆಯದು ಬೇಕೆನ್ನಿಸಿದಾಗ ಎರಡು, ಮೂರು, ನಾಲ್ಕನೆಯವುಗಳನ್ನು ಬೆರೆಸಿ ಒಂದೇ ವೇವ್ ಕಡತವಾಗಿ ಹೊರತೆಗೆದು, ಅದನ್ನು ನಾಲ್ಕನೆಯ ಟ್ರ್ಯಾಕಿಗೆ ಹಾಕಿ, ಉಳಿದೆರಡನ್ನು ಅಳಿಸಿ. ಅಳಿಸುವುದೇ ಇದರ ಮುಖ್ಯ ಭಾಗ. 'ಮ್ಯೂಟ್' ಮಾಡಿ ಅಡಗಿಸಿಡಬೇಡಿ.

ಬರಿಪಠ್ಯ:

ಅಳಿಸುವ ಮೊದಲು ಓದಿನ ಮೂಲ ಮುದ್ರಣವನ್ನಾದರೂ ಬೇರೆ ಡಿಸ್ಕಿನಲ್ಲಿ ಇಡಿ. ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬ ನಿಯಮವನ್ನು ಪ್ರಚಾರಕ್ಕೆ ತಂದವರು ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕರು. ಧ್ವನಿಗೂ ಅದು ಸಲ್ಲುತ್ತದೆ.

ನಾಲ್ಕುಟ್ರ್ಯಾಕ್:

ಓದಿನದನ್ನು ಇಡಿ. ವಾದ್ಯಗಳದನ್ನು ಅಳಿಸಿ. ಮೊದಲ ಕಥೆ ಮುಗಿದ ಮೇಲೆ ಇಲ್ಲಿಯೇ ಕೇಳಿಸಿದರೆ, ಬಫರ್ ಎಷ್ಟಿರಬೇಕೆಂದು ಹೇಳಲು ಹದಗಾರರಿದ್ದಾರೆ.